ತೊಲೆಯ ಕೊಕ್ಕೆ

...ಬೇಡ, ಆ ಸ್ಟೂಲ್ ಎಳೀಬೇಡ, ಅದರ ಕಾಲು ಅಲ್ಲಾಡುತ್ತೆ. ನಿನ್ನ ಮೆಷಿನ್ ಮುಂದೇನೇ ಕೂತ್ಕೋ. ಭಾನುವಾರ ಕಣೆ, ಕೂತ ತಕ್ಷಣ ಹೊಲಿಯೋಕೆ ಶುರು ಮಾಡಬೇಕಾಗಿಲ್ಲ. ಮಧ್ಯಾಹ್ನದ ರೈಲಿಗೆ ಹೋಗಿ ರಾತ್ರಿ ಅಲ್ಲೇ ಇರೋದು ತಾನೆ? ಬೇಕಾದಷ್ಟು ಹೊತ್ತಿದೆ. ಇಲ್ಲಿಂದ ಆಟೋ ಹಿಡಿದ್ರೆ ಮಾರಿಕುಪ್ಪಂ ಸ್ಟೇಷನ್ ಎಷ್ಟು ದೂರ.

ಏನಂದೆ ಆಗ, ಇನ್ನೊಂದ್ಸಲ ಹೇಳು. ಹೇಳಲ್ವಾ? ನಾನೇ ಹೇಳ್ತೀನಿ. "ಬಂಗಾರಪೇಟೆಗೆ ಹೋಗಿ ತೆಗೆಸ್ಕೊಂಡು ಬರ್ತೀನಿ ಕಲಕ್ಕ, ನಾಳೆ ಒಂದಿನ ರಜಾ ಕೊಡಿ." ಹುಳುಕು ಹಲ್ಲು ಕೀಳಿಸ್ಕೊಂಡು ಬರ್ತೀನಿ ಅನ್ನೋ ಹಾಗೆ. ಆಮೇಲೆ "ಇಲ್ಲಾಂದ್ರೆ" ಅಂತ ಬೇರೆ ಏನೋ ಶುರು ಮಾಡಿದೆ. ತಡಿ, ಇಲ್ಲಾಂದ್ರೆ ಆಮೇಲೆ. ಮೊದಲು ನಾನು ಮಾತಾಡ್ತೀನಿ.

ಬ್ಯಾಗ್ ಬೇರೆ ತಂದಿದೀಯ. ಹಳೇ ಸೀರೆ ಇಣುಕ್ತಾ ಇದೆ. ಹಾಸೋಕೆ ಬಟ್ಟೆ ನೀವೇ ತನ್ನಿ ಅಂದ್ರಾ ನರ್ಸಿಂಗ್ ಹೋಂನಲ್ಲಿ? ಅಂದಿರ್ತಾರೆ. ಬೆಳಿಗ್ಗೆ ಬಂದ್ರೆ ಮಧ್ಯಾಹ್ನಕ್ಕೆ ಮನೆ ಅಂತಾರಲ್ಲ, ಅಷ್ಟು ಹೊತ್ತಿಗೆ ಒಂದು ಬೆಡ್‌ಶೀಟ್ ಯಾಕೆ ಕೊಳೆ ಮಾಡ್ಕೋಬೇಕು ಅವರು.

ಯಾಕೆ ತಲೆ ತಗ್ಗಿಸ್ತೀಯ. ನಾನೇನು ಪಾಪ ಪುಣ್ಯ ಹೇಳೋಕೆ ಕೂತಿಲ್ಲ. ಅದು ಬೇಕಿದ್ರೆ ಎದುರು ಲೈನ್‌ಮನೆ ಸಾಲಿನ ಅಮ್ಮಾಜಮ್ಮನ ಹತ್ರ ಹೋಗು. ದೇವರು ಕೊಟ್ಟಿದ್ದು ಅಂತಾಳೆ. ಕೊಟ್ಟಿದ್ದಕ್ಕೆ ಒಂದು ಲೋಟ ಹಾಲು ಕೊಡಮ್ಮ ಅಂದ್ರೆ ಬಾಗಿಲು ಹಾಕ್ಕೋತಾಳೆ. ಬಸುರಿ ಗ್ರಹಣ ನೋಡಬಾರದು, ಬಸುರಿ ಪರಂಗಿ ತಿನ್ನಬಾರದು, ಹುಟ್ಟೋಕೆ ಮುಂಚೆ ಖಾಲಿ ಜೋಲಿ ಕಟ್ಟಬಾರದು... ಬಾರದು ಅನ್ನೋಕೆ ಬೇಕಾದಷ್ಟು ಜನ ಇದಾರೆ. ಎತ್ತಿಕೊಳ್ಳೋಕೆ ಯಾರಾದ್ರೂ ಇದಾರಾ?

ನಾನು ಹೇಳೋದು ಅದಲ್ಲ. ಎಕನಾಮಿಕ್ಸ್ ಎಂ.ಎ. ಓದಿದೀನಿ, ಅದು ಇದುವರೆಗೂ ಏನಕ್ಕೂ ಉಪಯೋಗಕ್ಕೆ ಬಂದಿಲ್ಲ. ಇವತ್ತಾದ್ರೂ ಬರಲಿ.

ಯಾರು ತೀರ್ಮಾನ ಮಾಡಿದ್ದು ಇದನ್ನ? ನೀನಾ? ಮುನಿರಾಜುನೂ ಹಂಗೇ ಅಂದ. ನಿನ್ನೆ ರೈಲಿಂದ ಇಳಿದು ಬರ್ತಾ ಸಿಕ್ಕಿದ್ದ, ನೀನು ಬಸುರಿ ಅಂತ ಗೊತ್ತಿತ್ತಲ್ಲ, ಏನು ಮಾಡ್ತೀರಪ್ಪ ಅಂತ ನಿಲ್ಲಿಸಿ ಕೇಳಿದೆ. "ಅವಳಿಷ್ಟ ಅಕ್ಕೋ, ನಾನೇನ್ ಯೋಳನ. ಬೆಳಗ್ಗೆ ವೋದ್ರೆ ರಾತ್ರಿ ಬತ್ತೀನಿ, ಯಾರ್ ನೋಡ್ಕಂತಾರೆ ಮಗೀನ?" ಒಳ್ಳೇ ಗಂಡ. ಕುಡಿಯಲ್ಲ, ಹೊಡೆಯಲ್ಲ, ಅವಳಿಷ್ಟ ಅಂತಾನೆ. ಅವಳಿಷ್ಟ ಅಂದುಬಿಟ್ರೆ ನೋಡು, ಗಂಡನಿಗೆ ಬಿಡುಗಡೆ, ಅವನ ಗೋಡೌನಿನ ಮಾಲೀಕನಿಗೆ ಬಿಡುಗಡೆ, ಸರ್ಕಾರಕ್ಕೆ ಬಿಡುಗಡೆ. ನೀನೊಬ್ಬಳು ಆಟೋ ಹತ್ತಬೇಕು.

ಇದುವರೆಗೂ ನಿನ್ನಿಷ್ಟ ಯಾರು ಕೇಳಿದಾರೆ, ಹೇಳು? ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದಾಗ ಕೂಲಿ ಎಷ್ಟು ಬೇಕು ನವ್ಯ ಅಂತ ಕೇಳಿದ್ರಾ? ಬಾತ್‌ರೂಮಿಗೆ ಹೋಗೋಕೂ ಟೋಕನ್ ಇತ್ತು. ಒಂದು ಟೋಕನ್ ಹೊರಗಿದ್ರೆ ಇನ್ನೊಬ್ಬಳು ಹಲ್ಲು ಕಚ್ಚಿ ಹೊಲೀಬೇಕು. ಅದೇ ಕಂಪನಿ ಮಹಿಳಾ ದಿನಕ್ಕೆ ಗೇಟಲ್ಲಿ ಬ್ಯಾನರ್ ಕಟ್ಟಿತ್ತಲ್ಲ, "ನನ್ನ ದೇಹ, ನನ್ನ ಹಕ್ಕು". ಕೈಗೊಂದು ಗುಲಾಬಿ. ನೀವೆಲ್ಲ ಗುಲಾಬಿ ಮುಡ್ಕೊಂಡು ಟೋಕನ್ನಿಗೆ ಕಾದಿದ್ರಿ.

ನಿನ್ನ ದೇಹ ನಿನ್ನದೇ, ಅದರಲ್ಲಿ ನನಗೆ ತಕರಾರಿಲ್ಲ. ಬೆಳಗಿಂದ ಸಾಯಂಕಾಲದವರೆಗೂ ಮೆಷಿನ್ ಮುಂದೆ ಅದು ಯಾರದು? ಆ ಪ್ರಶ್ನೆ ಬ್ಯಾನರಿನಲ್ಲಿ ಇರಲ್ಲ. ಹೊಟ್ಟೆ ಮುಂದೆ ಬಂದ್ರೆ ಟೇಬಲ್ ಹಿಂದೆ ಸರಿಸಬೇಕು ತಾನೆ? ಅವರು ಟೇಬಲ್ ಸರಿಸಲ್ಲ. ಹೊಟ್ಟೇನ ಸರಿಸ್ಕೋ ಅಂತಾರೆ. ಅದಕ್ಕೆ ಹಕ್ಕು ಅಂತ ಹೆಸರು. ಹೊರದೇಶದಲ್ಲಿ ಕೆಲವು ದೊಡ್ಡ ಕಂಪನಿಗಳು ಇದನ್ನ ಮಾಡಿಸ್ಕೊಳ್ಳೋಕೆ ಓಡಾಡೋ ಖರ್ಚನ್ನೂ ಕೊಡ್ತವೆ, ಗೊತ್ತಾ? ನಾನು ಪೇಪರಲ್ಲಿ ಓದಿದಾಗ ಅಂದ್ಕೊಂಡೆ, ಎಷ್ಟು ಒಳ್ಳೆಯವರಪ್ಪ. ಹೆರಿಗೆ ರಜೆಗಿಂತ ರೈಲು ಟಿಕೇಟು ಅಗ್ಗ.

ಅಷ್ಟು ದೂರ ಯಾಕೆ. ನಿಮ್ಮ ಸೂಪರ್‌ವೈಸರ್ ನೆನಪಿದಾನಾ? ನಾನಾಗ ಯೂನಿಯನ್ ಕಡೆಯಿಂದ ಗೇಟಲ್ಲಿ ಕರಪತ್ರ ಹಂಚ್ತಿದ್ದೆ, ಅವನನ್ನ ಚೆನ್ನಾಗಿ ನೋಡಿದೀನಿ. ಹೆರಿಗೆ ರಜೆ ಅಂದ್ರೆ ಮುಖ ಗಂಟು. ತೆಗೆಸೋಕೆ ಹೋಗ್ತೀನಿ ಅಂತ ಯಾರಾದ್ರೂ ರಜೆ ಕೇಳಿದ್ರೆ ದನಿಯೇ ಬದಲು. "ಒಂದಿನ ಯಾಕಮ್ಮ, ಎರಡು ದಿನ ತಗೋ." ಹೌದು, ನಗು, ಹಂಗೇ ಮೂಗಲ್ಲಿ ಮಾತಾಡ್ತಿದ್ದ. ಇಡೀ ಫ್ಯಾಕ್ಟರೀಲಿ ಅವನು ಅಷ್ಟು ಪ್ರೀತಿಯಿಂದ ಮಾತಾಡ್ತಿದ್ದಿದ್ದು ಅದೊಂದು ವಿಷಯಕ್ಕೆ.

ಮಕ್ಕಳ ರೂಮಂತೂ ಬಿಡು. ಐವತ್ತು ಜನರ ಮೇಲೆ ಕೆಲಸಕ್ಕಿದ್ರೆ ಮಕ್ಕಳ ರೂಮು ಇಡಲೇಬೇಕು ಅಂತ ಕಾನೂನು. ಇಟ್ಟಿದ್ರು. ಬೊಂಬೆ ಇತ್ತು, ತೊಟ್ಟಿಲಿತ್ತು, ಗೋಡೆ ಮೇಲೆ ಆನೆ ಬರೆಸಿದ್ರು. ಬೊಂಬೆ ಮೇಲಿನ ಪ್ಲಾಸ್ಟಿಕ್ ಕವರ್ ಮಾತ್ರ ಯಾವತ್ತೂ ತೆಗೀಲಿಲ್ಲ. ಇನ್‌ಸ್ಪೆಕ್ಟರ್ ಬಂದ ದಿನ ಬೀಗ ತೆಗೆಯೋರು. ಬೊಂಬೆಗಳು ಪುಣ್ಯ ಮಾಡಿದ್ವು, ಎಂಟು ವರ್ಷ ಯಾವ ಮಗುವಿನ ಕೈಗೂ ಸಿಗಲಿಲ್ಲ.

ಏನು, ನಮ್ಮ ಶೆಡ್ಡಾ? ನಮ್ಮದು ಸಹಕಾರ ಸಂಘ ಕಣೆ, ನಾವಿರೋದು ಹನ್ನೆರಡು ಜನ, ಆ ಕಾನೂನು ನಮಗೆ ಬರಲ್ಲ... ಕಾನೂನು ಬಂದ್ರೇನು ಬರದಿದ್ರೇನು, ಇಲ್ಲಿ ಮಾಲೀಕ ಅಂತ ಯಾರಿದಾರೆ? ನೀನೂ ಮಾಲಕಿ, ಪಾಪಕ್ಕನೂ ಮಾಲಕಿ. ನಾನು ಬರೀ ಕಾರ್ಯದರ್ಶಿ. ಮಧ್ಯದಲ್ಲಿ ಬಾಯಿ ಹಾಕಬೇಡ, ಎಲ್ಲಿದ್ದೆ ನಾನು?

ಹಾಂ. ಆ ಕಿಟಕಿ ತೆಗಿ. ಗುಡ್ಡ ಕಾಣುತ್ತಲ್ಲ. ಸೈನೈಡ್ ಗುಡ್ಡ ಅಂತೀವಿ, ಗುಡ್ಡ ಎಲ್ಲಿಂದ ಬಂತು ಈ ಊರಿಗೆ? ಗಣಿ ಕಂಪನಿ ಕಲ್ಲು ಮೇಲೆ ತಂತು, ಅರೀತು, ಸೈನೈಡಲ್ಲಿ ತೊಳೆದು ಚೂರು ಚಿನ್ನ ತಗೊಂಡ್ತು, ಉಳಿದದ್ದನ್ನ ನಮ್ಮ ಮನೆ ಪಕ್ಕ ಸುರೀತು. ಆ ಕಲ್ಲು ಏನು ತಪ್ಪು ಮಾಡಿತ್ತು? ಏನೂ ಇಲ್ಲ. ಲೆಕ್ಕಕ್ಕೆ ಬರಲಿಲ್ಲ, ಅಷ್ಟೆ. ಇವರ ಕಣ್ಣಿಗೆ ಪ್ರಪಂಚದಲ್ಲಿರೋದು ಎರಡೇ, ದುಡ್ಡಾಗೋದು, ಗುಡ್ಡಕ್ಕೆ ಸುರಿಯೋದು. ಹಾಸಿಗೆ ಹಿಡಿದ ಮುದುಕಿ, ಕೈ ಕತ್ತರಿಸಿಹೋದ ಗಣಿ ಕೆಲಸಗಾರ, ಹೊಟ್ಟೆಯೊಳಗಿರೋದು, ಎಲ್ಲ ಗುಡ್ಡಕ್ಕೆ. ನಿನ್ನ ಹೊಟ್ಟೇಲಿ ಎರಡು ತಿಂಗಳಿಂದ ಇದೆಯಲ್ಲ, ಅದಕ್ಕಿಂತ ದಿಕ್ಕಿಲ್ಲದ ಕೂಲಿ ಯಾರಿದಾರೆ? ಓಟಿಲ್ಲ, ಸಂಘದ ಸದಸ್ಯತ್ವ ಇಲ್ಲ, ಘೋಷಣೆ ಕೂಗೋಕೆ ಗಂಟಲಿಲ್ಲ. ಬಾಯಿಲ್ಲದವರ ಪರ ನಾವು ಅಂತ ಮೂವತ್ತು ವರ್ಷ ಕೂಗಿದವಳು ನಾನು. ಇಲ್ಲಿಗೆ ಬಂದಾಗ, ಅಯ್ಯೋ ಇದು ಅವರವರ ಸ್ವಂತ ವಿಷಯ ಅಂದ್ರೆ ನನ್ನ ಕೂಗಿಗೆ ಏನು ಬೆಲೆ?

ನನ್ನ ಜೊತೆ ಯೂನಿಯನ್ನಿನಲ್ಲಿದ್ದವರು ಇದಕ್ಕೆ ಜಗಳ ಆಡ್ತಾರೆ. ಕಲಾಗೆ ವಯಸ್ಸಾಯ್ತು, ಭಜನೆ ಮಂಡಳಿ ಸೇರ್ತಾಳೆ ಅಂತಾರೆ. ಅನ್ನಲಿ. ಹೆಂಗಸಿಗೆ ಮಗು ಬೇಡ ಅನ್ನಿಸೋ ಹಾಗೆ ಊರೆಲ್ಲ ಕಟ್ಟಿಟ್ಟು, ಆಮೇಲೆ ಬೇಡ ಅನ್ನೋ ಸ್ವಾತಂತ್ರ್ಯ ಕೊಟ್ರೆ ಅದು ನಮ್ಮ ಗೆಲುವಾ? ಮಾಲೀಕನ ಗೆಲುವು. ನಿನಗೆ ಮಗು ಬೇಡ್ವಾ? ನಿಜ ಹೇಳು. ನನ್ನ ಮುಖ ನೋಡಿ ಹೇಳು.

...ಗೊತ್ತಿತ್ತು ನನಗೆ. ಬೇಡ ಅನ್ನೋರು ಹಂಗೆ ಹೊಟ್ಟೆ ಮೇಲೆ ಕೈ ಇಟ್ಕೊಂಡು ಕೂರಲ್ಲ.

ಮತ್ತೆ ಯಾಕೆ ಹೋಗ್ತೀಯ? ನೋಡ್ಕೊಳ್ಳೋರಿಲ್ಲ ಅಂತ. ಅತ್ತೆ ಇಲ್ಲ. ಬೂದಿಕೋಟೇಲಿ ನಿಮ್ಮಮ್ಮ ಮುನಿನಾರಾಯಣಮ್ಮ ಹಸು ಬಿಟ್ಟು ಬರಲ್ಲ, ಬಂದ್ರೆ ಡೈರಿಗೆ ಹಾಲು ಹಾಕೋರ್ಯಾರು. ಕೆಲಸ ಬಿಟ್ರೆ ಮನೆ ನಡೆಯಲ್ಲ. ಇದು ಇಷ್ಟನಾ? ಇದು ಮೂಲೆಗೆ ತಳ್ಳೋದು. ಅದನ್ನೇ ನಾನು ಬೆಳಗಿಂದ ಹೇಳ್ತಿರೋದು. ಮಗೂನ ಪಕ್ಕದಲ್ಲಿ ಮಲಗಿಸ್ಕೊಂಡು ದುಡಿಯೋ ಹಾಗಿದ್ರೆ ಯಾವಳು ಹೋಗ್ತಾಳೆ ಬಂಗಾರಪೇಟೆಗೆ? ಒಂದು ಮೂಲೆ, ಒಂದು ಹಗ್ಗ. ಅಷ್ಟೂ ಕೊಡಲ್ಲ ಆ ಬಂಡವಾಳದವರು.

ಯಾಕೆ ನಗ್ತೀಯ?

ಅದಾ. ದಿನಕ್ಕೆ ಇಷ್ಟು ಹೊಲೀಬೇಕು ಅನ್ನೋ ಟಾರ್ಗೆಟ್ ಬೋರ್ಡು. ಹೌದು, ಕಂಪನೀಲೂ ಇತ್ತು. ಇದು ಬೇರೆ ನವ್ಯ. ಅದನ್ನ ಅವರು ಬರೀತಿದ್ರು, ಇದನ್ನ ನಾವೇ ಬರ್ಕೋತೀವಿ. ...ಸರಿ, ನಾನೇ ಬರೀತೀನಿ. ನನ್ನ ಅಕ್ಷರ ಚೆನ್ನಾಗಿದೆ ಅಂತ.

ಈಗೇನು ಅದರ ಮೇಲೆ ನೋಡ್ತೀಯ. ಅದು ಕೊಕ್ಕೆ. ತೊಲೆಗೆ ಹೊಡೆದಿರೋ ಕೊಕ್ಕೆ. ಗೊತ್ತು, ಅಲ್ಲೇ ಪಾಪಕ್ಕ ಜೋಲಿ ಕಟ್ಟಿದ್ದು. ಅವಳ ಮಗಳು ಲಿಖಿತ ಅದರಲ್ಲೇ ಮಲಗಿ ದೊಡ್ಡವಳಾದ್ಲು, ಹೋಗ್ತಾ ಬರ್ತಾ ಎಲ್ಲರೂ ಒಂದೊಂದು ಸಲ ತೂಗಿದ್ವಿ. ಸಂಘ ಶುರು ಮಾಡಿದ ವರ್ಷ, ಆ ಜೋಲಿ ಫೋಟೋನ ನಾನೇ ಮೀಟಿಂಗುಗಳಲ್ಲಿ ತೋರಿಸ್ತಿದ್ದೆ. ಆಮೇಲೆ ಕೊಕ್ಕೆ ತುಕ್ಕು ಹಿಡೀತು, ಮಗು ಬಿದ್ದುಗಿದ್ದೀತು ಅಂತ ಬಿಚ್ಚಿಸಿದೆ. ನಿನಗೂ ಹೇಳಿದೀನಲ್ಲ.

ಏನು ನೋಡ್ತಿದೀಯ ಹಂಗೆ?

...ಹೌದು. ಬೋರ್ಡು ಅದೇ ಕೊಕ್ಕೆಗೇ ನೇತಾಕಿರೋದು. ಬೋರ್ಡು ಹಗುರ ಕಣೆ. ...ಅಷ್ಟೇನೂ ಹಗುರ ಅಲ್ಲ, ಇಬ್ಬರು ಹಿಡಿದು ಹತ್ತಿಸಿದ್ರಿ, ಸರಿ. ನೀನೂ ಒಂದು ಕಡೆ ಹಿಡಿದಿದ್ದೆ.

ತುಕ್ಕಲ್ಲ. ಆಯ್ತಾ? ಯೂನಿಫಾರ್ಮ್ ಆರ್ಡರ್ ಕೊಡ್ತಾನಲ್ಲ ಶ್ರೀನಿವಾಸಪ್ಪ, ಅವನು ಬಂದು ನೋಡಿದ. "ಪಿಲ್ಲಲು ಕನಪಡಕೂಡದಮ್ಮಾ," ಅಂದ. ಮಕ್ಕಳು ಕಾಣಬಾರದಂತೆ. ಅವನ ಮೇಲಿನ ಕಂಪನಿ ಆಡಿಟ್‌ಗೆ ಬಂದ್ರೆ, ಒಳಗೆ ಮಗು ಕಂಡ್ರೆ ಬಾಲಕಾರ್ಮಿಕ ಅಂತ ಬರ್ಕೊಳ್ತಾರಂತೆ. ಜೋಲಿಯಲ್ಲಿ ಬೆರಳು ಚೀಪ್ತಾ ಮಲಗಿರೋ ಕೂಸು, ಬಾಲಕಾರ್ಮಿಕ. ನಾನು ನಕ್ಕೆ. ನಕ್ಕು, ಒಂದು ದಿನದ ಮಟ್ಟಿಗೆ ಅಂತ ಬಿಚ್ಚಿಸಿದೆ. ಆಮೇಲೆ ಆರ್ಡರ್ ಬಂತು. ಆಮೇಲೆ ಬೋರ್ಡು ಬಂತು. ಪಾಪಕ್ಕ ಕೆಲಸ ಬಿಟ್ಲಾ? ಬಿಡಲಿಲ್ಲ ತಾನೆ. ಮಗೂನ ಪಕ್ಕದ ಮನೇಲಿ ಬಿಟ್ಟು ಬಂದ್ಲು. ಎಲ್ಲರೂ ಏನೋ ಒಂದು ಮಾಡ್ಕೋತಾರೆ.

ಬ್ಯಾಗಿಂದ ಏನು ತೆಗೀತಿದೀಯ?

ಸೀರೆ. ನೋಡಿದೆನಲ್ಲ ಆಗಲೇ, ಹಾಸೋಕೆ. ...ಅಲ್ವಾ?

ಇಸ್ತ್ರಿ ಮಾಡಿದೀಯ. ಹಾಸೋ ಬಟ್ಟೆಗೆ ಯಾರು ಇಸ್ತ್ರಿ ಮಾಡ್ತಾರೆ. ನಿಮ್ಮಮ್ಮಂದಲ್ವಾ ಇದು, ದೀಪಾವಳಿಗೆ ಉಟ್ಕೊಂಡು ಬಂದಿದ್ರು. ಎರಡು ತುದೀನೂ ಮಡಚಿ ಹೊಲಿದಿದೀಯ. ಒಂದರ ಮೇಲೆ ಒಂದು, ಎರಡು ಹೊಲಿಗೆ. ಭಾರ ತಡೆಯೋ ಹೊಲಿಗೆ ಅದು.

"ಇಲ್ಲಾಂದ್ರೆ" ಅಂದೆಯಲ್ಲ ಆಗ. ಇದಾ?

ಸ್ಟೂಲ್ ಎಳ್ದಿದ್ದು ಇದಕ್ಕಾ?

ಹೌದು, ನಾನೇ ಹೇಳಿದ್ದು. ಒಂದು ಮೂಲೆ, ಒಂದು ಹಗ್ಗ. ಇಲ್ಲ ಅಂತೀನಾ? ಕಟ್ಟೋಣ. ಯಾಕೆ ಕಟ್ಟಬಾರದು. ಆದರೆ ಇವತ್ತೇ ಏನು ಅವಸರ, ಇನ್ನೂ ಎಷ್ಟು ತಿಂಗಳಿದೆ. ಹುಟ್ಟೋಕೆ ಮುಂಚೆ ಖಾಲಿ ಜೋಲಿ ಕಟ್ಟಬಾರದು ಅಂತ... ಅಮ್ಮಾಜಮ್ಮ ಅಂತಾಳೆ. ನಾನಲ್ಲ.

ಮಾತು ಕೊಡು ಅಂತೀಯಾ. ಹಂಗೆ ನೋಡಬೇಡ. ಬುಧವಾರ ಶ್ರೀನಿವಾಸಪ್ಪ ಬರ್ತಾನೆ. ಸ್ಕೂಲು ಶುರುವಾಗೋ ಹೊತ್ತಿನ ಆರ್ಡರ್ ಇದು, ವರ್ಷದ ಅರ್ಧ ಕೆಲಸ ಇದೊಂದೇ. ಒಂದು ಜೋಲಿಗೆ ಹೂಂ ಅಂದ್ರೆ ನಾಳೆ ಪಕ್ಕದ ಮೆಷಿನ್ನಿನ ರೂಪ ತನ್ನ ಕೂಸನ್ನ ತರ್ತಾಳೆ, ನಾಳಿದ್ದು ಇನ್ನೊಬ್ಬಳು. ಹನ್ನೆರಡು ಮನೆ ಈ ಶೆಡ್ಡನ್ನ ನಂಬ್ಕೊಂಡಿವೆ ನವ್ಯ. ಒಂದು ಮಗುವಿಗೋಸ್ಕರ ಹನ್ನೆರಡು ಮನೆ...

ಎದ್ದೆ ಯಾಕೆ? ಕೂತ್ಕೋ.

ಬೈಯಿ ಬೇಕಿದ್ರೆ.

ಸೀರೆ ಯಾಕೆ ಮಡಚ್ತಿದೀಯ? ಕೊಡಿಲ್ಲಿ, ಬೀರುವಿನಲ್ಲಿ ಇಟ್ಟಿರ್ತೀನಿ. ಈ ಆರ್ಡರ್ ಒಂದು ಮುಗೀಲಿ, ಆಮೇಲೆ ಕೂತು... ಸರಿ, ನೀನೇ ಇಟ್ಕೋ. ಅಲ್ಲಿ ಹಾಸೋಕಾಗುತ್ತೆ.

ಆಟೋಗೆ ಗೇಟಿನ ಹತ್ರ ನಿಂತ್ಕೋ, ಒಳಗೆ ಬರಲ್ಲ ಅವರು. ಹೊತ್ತಾಯ್ತು.

ನವ್ಯ, ನಿಲ್ಲು. ಒಂದಿನ ಸಾಕಾಗಲ್ಲ ಕಣೆ.

ಎರಡು ದಿನ ತಗೋ.