ಅಭ್ಯಂತರ ಇದ್ದವರು ಎದ್ದು ನಿಲ್ಲಿ

ತಾಯಂದಿರೇ, ಅಣ್ಣಂದಿರೇ, ಉಪಕಾರ ಮಾಡಿದವರನ್ನು ಮರೆಯಬಾರದು ಎಂದು ಇಷ್ಟು ಹೊತ್ತು ಹೇಳಿದೆ. ನೀವು ತಲೆ ಆಡಿಸಿದಿರಿ. ಕೊಟ್ಟವರನ್ನು ನೆನೆಯುವುದಕ್ಕೆ ತಲೆ ಬೇಗ ಆಡುತ್ತದೆ. ಆದರೆ ಕೊಡದೆ ಇದ್ದವರನ್ನು ನೆನೆದಿದ್ದೀರಾ? ನೀವು ಕೈ ಚಾಚಿದಾಗ ‘ಬೇಡ’ ಎಂದವರ ಹೆಸರನ್ನು ಎಂದಾದರೂ ದೇವರ ಮುಂದೆ ಹೇಳಿದ್ದೀರಾ? ಇಲ್ಲ. ಅಂಥವರ ಹೆಸರನ್ನು ನಾವು ಹೇಳುವುದು ಬೈಯುವಾಗ ಮಾತ್ರ! ಅದಕ್ಕೇ ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಒಂದೂರಿನಲ್ಲಿ ಒಬ್ಬ ಇದ್ದ. ‘ಶ್ರೀಮಂತ ಇದ್ದ’ ಎಂದು ಶುರು ಮಾಡುವುದು ಕಥೆಯ ಪದ್ಧತಿ. ಇವನು ಶ್ರೀಮಂತನಲ್ಲ, ಶ್ರೀಮಂತನಾಗಲು ಹೊರಟವನು. ಹೆಸರು ಮುರಿಗೆಪ್ಪ ಅಂತ ಇಟ್ಟುಕೊಳ್ಳೋಣ. ಬಸ್ಸು ನಿಲ್ಲುವ ಕಡೆ ಅವನದೊಂದು ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೊಂದು ಮಜ್ಜಿಗೆ. ಒಳಗೆ ರೊಟ್ಟಿ ಬಡಿಯುವವಳು ಅವನ ಅಕ್ಕ ನೀಲಗಂಗವ್ವ. ಬರೀ ಅಕ್ಕನಲ್ಲ, ಅವನು ಅಕ್ಕನ ಮಗಳನ್ನೇ ಮದುವೆಯಾದವನು, ಹಾಗಾಗಿ ಅಕ್ಕನೇ ಅತ್ತೆ. ಒಂದೇ ಬಾಯಿಂದ ಎರಡು ಕಡೆಯ ಬೈಗುಳ ತಿನ್ನುವ ಯೋಗ ಎಲ್ಲರಿಗೂ ಸಿಗುವುದಿಲ್ಲ ನೋಡಿ!

ಖಾನಾವಳಿ ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ದೊಡ್ಡ ರಸ್ತೆಯ ಮೇಲೆ ಒಂದು ಢಾಬಾ ಬಂತು. ಅಲ್ಲಿ ಊಟದ ಜೊತೆ ಬಾಟ್ಲಿಯೂ ಸಿಗುತ್ತಿತ್ತು. ಮುರಿಗೆಪ್ಪನ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಹೊರಳಿದರು. ಸಂಜೆಯ ಬೆಂಚುಗಳು ಖಾಲಿ. ಬಡಿದ ರೊಟ್ಟಿ ಮರುದಿನಕ್ಕೆ ಉಳಿಯತೊಡಗಿತು. ಇವನಿಗೆ ಹೆದರಿಕೆ ಹುಟ್ಟಿತು. ಖಾನಾವಳಿ ಮುಚ್ಚಿದರೆ ಎಲ್ಲಿಗೆ ಹೋಗಬೇಕು? ಹೆಂಡತಿ, ಮಕ್ಕಳು, ಅಕ್ಕ, ಎಲ್ಲರೂ ಅದೇ ಒಲೆಯನ್ನು ನಂಬಿದವರು. ಆ ಹೆದರಿಕೆ ಸುಳ್ಳಲ್ಲ, ನೋಡಿ. ಅದನ್ನು ನಾನು ಹಗುರ ಮಾಡುವುದಿಲ್ಲ. ಹಸಿವಿನ ಹೆದರಿಕೆಯನ್ನು ಹೊಟ್ಟೆ ತುಂಬಿದವರು ಹಗುರ ಮಾಡಬಾರದು.

‘ನಾನೂ ಲೈಸೆನ್ಸ್ ತೆಗೆಸುತ್ತೇನೆ’ ಎಂದು ನಿರ್ಧರಿಸಿದ. ಅರ್ಜಿ ಹಾಕಿದ. ಆದರೆ ಅಬಕಾರಿಯವರು ಮುಂದೆ ಹೆಜ್ಜೆ ಇಡಬೇಕಾದರೆ ಊರ ಪಂಚಾಯಿತಿಯವರು ‘ನಮ್ಮದೇನೂ ಅಭ್ಯಂತರವಿಲ್ಲ’ ಎಂದು ಠರಾವು ಮಾಡಿಕೊಡಬೇಕು. ಠರಾವು ಆಗುವುದಕ್ಕೆ ಮೊದಲೇ ‘ಬಾರ್ ಅಂಡ್ ರೆಸ್ಟೋರೆಂಟ್’ ಎಂದು ತಗಡಿನ ಬೋರ್ಡು ಬರೆಸಿ ಹಿಂದಿನ ಗೋಡೆಗೆ ಒರಗಿಸಿಟ್ಟ. ಕೂಸು ಹುಟ್ಟುವ ಮುನ್ನ ಕುಲಾವಿ!

ಆಮೇಲೆ ಮನೆಮನೆಗೆ ಹೋದ. ‘ಸಭಾದಾಗ ಸ್ವಲ್ಪ ನೋಡ್ಕೊಳ್ರಿ’ ಎಂದು ಕೈ ಮುಗಿದ. ಎಲ್ಲರದೂ ಒಂದೇ ಉತ್ತರ: ‘ನಮ್ಮದೇನ್ ಅಭ್ಯಂತರ ಇಲ್ರಿ.’ ಗಂಡ ಪ್ರತಿ ಸಂಜೆ ಢಾಬಾದ ದಾರಿ ಹಿಡಿಯುತ್ತಿದ್ದ ಮನೆಯಲ್ಲಿ ಹೆಂಡತಿ ಬಾಗಿಲ ಮರೆಗೆ ನಿಂತಿದ್ದಳು. ಅವಳನ್ನೂ ಕೇಳಿದ. ಅವಳು ಸೆರಗು ಸರಿಮಾಡಿಕೊಂಡು ‘ನಮ್ಮದೇನೈತ್ರಿ ಅಭ್ಯಂತರ’ ಎಂದಳು. ಮುರಿಗೆಪ್ಪನಿಗೆ ಆ ಮಾತು ಕೇಳಿಸಿತು. ಅವಳ ಮುಖ ಕಾಣಲಿಲ್ಲ. ನೋಡಿದ್ದರೆ ತಾನೇ ಕಾಣುವುದು?

ಇಲ್ಲಿ ಸ್ವಲ್ಪ ನಿಲ್ಲಿ. ಅಭ್ಯಂತರ ಅಂದರೆ ಏನು? ಆಕ್ಷೇಪ ಎನ್ನುತ್ತೀರಿ. ಸರಿ. ಆದರೆ ಅದರ ಹಳೆಯ ಅರ್ಥ ಬೇರೆ ಇದೆ. ಅಭ್ಯಂತರ ಅಂದರೆ ಒಳಗಿನದು, ಒಳಭಾಗ. ‘ನಮ್ಮದೇನೂ ಅಭ್ಯಂತರವಿಲ್ಲ’ ಎಂದು ಎಷ್ಟು ಸಲ ಹೇಳಿದ್ದೀರಿ? ನಮಗೆ ಒಳಗೇನೂ ಇಲ್ಲ, ಬರೀ ಖಾಲಿ ಡಬ್ಬಿ ಎಂದು ನೀವೇ ಊರೆಲ್ಲ ಸಾರಿದ ಹಾಗಾಯಿತು. ನಗಬೇಡಿ, ನಾನೂ ಹೇಳಿದ್ದೇನೆ, ನೀವೂ ಹೇಳಿದ್ದೀರಿ.

ಸಭೆಯ ದಿನ ಬಂತು. ಪಂಚಾಯಿತಿಯ ಮುಂದೆ ಜಮಖಾನೆ ಹಾಸಿದ್ದರು. ತನ್ನ ಕಡೆಯ ಜನ ಹೆಚ್ಚು ಕಾಣಲಿ ಎಂದು ಮುರಿಗೆಪ್ಪ ಮನೆಯವರನ್ನೆಲ್ಲ ಕರೆತಂದಿದ್ದ. ‘ಅಕ್ಕಾ, ನೀನೂ ನಡಿ’ ಎಂದು ನೀಲಗಂಗವ್ವನನ್ನೂ ಒಲೆಯ ಮುಂದಿನಿಂದ ಎಬ್ಬಿಸಿದ. ‘ಎಸರು ಇಡೂ ಹೊತ್ತಾತಲ್ಲೋ’ ಎಂದಳು. ‘ಲಗೂನ ಮುಗೀತದ, ಸುಮ್ಮನ ಬಂದು ಕುಂದ್ರು’ ಎಂದ. ಅವಳು ಬಂದು ಹಿಂದಿನ ಸಾಲಿನಲ್ಲಿ ಹೆಂಗಸರ ನಡುವೆ ಕೂತಳು. ಆ ಸಭೆಯಲ್ಲಿ ಅವಳಿಗಿಂತ ಹಿರಿಯರು ಯಾರೂ ಇರಲಿಲ್ಲ.

ಆ ಊರಿನ ಅಧ್ಯಕ್ಷರು ಗಟ್ಟಿ ಹೆಣ್ಣುಮಗಳು. ಕೈ ಎತ್ತಿಸುವುದು ಅವರಿಗೆ ಆಗದು. ಯಾಕೆ? ಕೈ ಎತ್ತಿ ಎಂದರೆ ಕೆಲವರು ಎರಡೂ ಕಡೆಗೆ ಎತ್ತುತ್ತಾರೆ. ಅದಕ್ಕೇ ಅವರದೊಂದು ರೂಢಿ ಇತ್ತು. ಒಪ್ಪಿದವರು ಕೂತಿರಬೇಕು, ಒಪ್ಪದವರು ಏಳಬೇಕು. ಮುರಿಗೆಪ್ಪನ ಅರ್ಜಿ ಓದಿಸಿದರು. ‘ಅಭ್ಯಂತರ ಇದ್ದವರು ಎದ್ದು ನಿಂದರ್ರಿ’ ಎಂದರು.

ಮುಂದಿನ ಸಾಲಿನಲ್ಲಿ ಕೂತ ಮುರಿಗೆಪ್ಪ ಹಿಂದಕ್ಕೆ ಕಿವಿಗೊಟ್ಟ. ಯಾರೂ ಮಿಸುಕಲಿಲ್ಲ. ‘ಗೆದ್ದೆ’ ಎಂದುಕೊಂಡ. ಬೋರ್ಡನ್ನು ಎಲ್ಲಿ ಹೊಡೆಯಬೇಕು ಎಂಬುದೂ ಮನಸ್ಸಿನಲ್ಲಿ ಬಂದುಹೋಯಿತು.

ಅಷ್ಟರಲ್ಲಿ ಹಿಂದೆ ‘ಅಯ್ಯ ಶಿವನೇ’ ಎಂದು ದನಿ ಕೇಳಿತು. ನೀಲಗಂಗವ್ವ ಪಕ್ಕದವಳ ಹೆಗಲ ಮೇಲೆ ಕೈ ಊರಿ ಏಳುತ್ತಿದ್ದಳು. ನೆಲದ ಮೇಲೆ ಕೂತು ಮೊಣಕಾಲು ಹಿಡಿದುಬಿಟ್ಟಿತ್ತು.

ಈಗ ನೋಡಿ. ಹಿರಿಯರು ಎದ್ದಾಗ ಕಿರಿಯರು ಕೂತಿರಬಹುದೇ? ಆ ಊರಿನಲ್ಲಿ ಕೂತಿರುವುದಿಲ್ಲ. ಹೆಗಲು ಕೊಟ್ಟವಳು ಎದ್ದಳು. ಅವಳ ಸೊಸೆ ಎದ್ದಳು. ಆ ಸಾಲು ಎದ್ದಿತು. ಹೆಂಗಸರು ಎದ್ದದ್ದನ್ನು ನೋಡಿ, ಯಾಕೆ ಎಂದು ತಿಳಿಯದೆ, ಗಂಡಸರೂ ಪಂಚೆ ಕೊಡವಿಕೊಂಡು ಎದ್ದರು. ಮುರಿಗೆಪ್ಪ ತಿರುಗಿ ನೋಡಿದ. ಇಡೀ ಸಭೆ ನಿಂತಿದೆ! ಕೂತವನು ತಾನೊಬ್ಬನೇ.

ಅಧ್ಯಕ್ಷರಿಗೂ ಗಲಿಬಿಲಿಯಾಯಿತು. ‘ಏನ್ರಿ ಇದು? ಹಿರ್ಯಾರು ಎದ್ದರಂತ ಎದ್ದೀರೋ, ಅಭ್ಯಂತರ ಐತಂತ ಎದ್ದೀರೋ? ಹಿರ್ಯಾರಿಗಂತ ಎದ್ದವರು ಕುಂದರ್ರಿ.’

ಮುರಿಗೆಪ್ಪನಿಗೆ ಹೋದ ಜೀವ ಬಂದಂತಾಯಿತು. ಇನ್ನೇನು ಕೂಡುತ್ತಾರೆ. ಕಾದ. ಯಾರೂ ಕೂಡಲಿಲ್ಲ.

ಯಾಕೆ ಕೂಡಲಿಲ್ಲ? ಏಳುವುದು ಸುಲಭವಾಗಿತ್ತು, ಎಲ್ಲರೂ ಎದ್ದಿದ್ದರು. ಈಗ ಕೂಡುವುದೆಂದರೆ ‘ನಮ್ಮೂರಿಗೆ ಹೆಂಡ-ಸೆರೆ ಬರಲಿ’ ಎಂದು ಎಲ್ಲರ ಕಣ್ಣೆದುರು ಹೇಳಿದ ಹಾಗೆ. ಒಬ್ಬ ಅರ್ಧ ಬಗ್ಗಿದ, ಹೆಂಡತಿಯ ಕಣ್ಣು ಕಂಡು ಮತ್ತೆ ನೆಟ್ಟಗಾದ. ಬಾಗಿಲ ಮರೆಯಲ್ಲಿ ‘ಅಭ್ಯಂತರ ಇಲ್ಲ’ ಎಂದಿದ್ದಳಲ್ಲ, ಆ ಹೆಣ್ಣುಮಗಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ‘ಐತ್ರಿ’ ಎಂದಳು. ‘ಅಭ್ಯಂತರ ಐತ್ರಿ. ಮೊದಲಿನಿಂದಲೂ ಐತಿ.’ ಮುರಿಗೆಪ್ಪ ಅವತ್ತು ಮೊದಲ ಸಲ ಅವಳ ಮುಖ ನೋಡಿದ.

ಠರಾವು ಬಿದ್ದುಹೋಯಿತು. ಮುರಿಗೆಪ್ಪ ಎದ್ದು ಅಕ್ಕನ ಮೇಲೆ ಹರಿಹಾಯ್ದ. ‘ಒಡಹುಟ್ಟಿದವಳಾಗಿ ನನ್ನ ಮನೀ ದೀಪ ಆರಿಸಿದಿ!’ ನೀಲಗಂಗವ್ವ ಅವನನ್ನು ದಾಟಿ ಹೋಗಿ, ಹೊರಟಿದ್ದ ಜನರನ್ನು ತಡೆದು ಹೇಳಿದಳು: ‘ಎದ್ದಿರಿ, ಛಲೋ ಆತು. ಇನ್ನ ನಮ್ಮ ತಮ್ಮನ ಖಾನಾವಳಿಗೆ ಬಂದು ಕುಂದರ್ರಿ. ಬರೇ ಎದ್ದು ನಿಂತ್ರ ಅವನ ಹೊಟ್ಟಿ ತುಂಬತೈತೇನು?’

ಎಲ್ಲರೂ ಬಂದರು ಎಂದು ಹೇಳಿದರೆ ನೀವು ನಂಬುವುದಿಲ್ಲ. ಊರ ಜನ ಎಂಥವರೆಂದು ನಿಮಗೆ ಗೊತ್ತು, ನೀವೇ ಊರ ಜನ! ಆದರೆ ಕೆಲವರು ಬಂದರು. ಶಾಲೆಯ ಅಕ್ಕೋರುಗಳು ಬಂದರು. ಸ್ವಸಹಾಯ ಸಂಘದ ಹೆಂಗಸರು ಸಭೆಯ ದಿನದ ಊಟ ಅಲ್ಲೇ ಎಂದರು. ಲಗ್ನದ ಮನೆಯವರು ರೊಟ್ಟಿಗೆ ಹೇಳಿಹೋದರು. ಮುರಿಗೆಪ್ಪ ಬಡಿಸುತ್ತಿದ್ದ, ಮುಖ ಮಾತ್ರ ಸಡಿಲಿಸುತ್ತಿರಲಿಲ್ಲ. ಅಕ್ಕನ ಜೊತೆ ಮಾತು ಬಿಟ್ಟಿದ್ದ. ರೊಟ್ಟಿ ಬೇಕಾದರೆ ಹೆಂಡತಿಗೆ ಹೇಳುವುದು, ಅವಳು ತಾಯಿಗೆ ಹೇಳುವುದು. ಒಂದೇ ಒಲೆಯ ಮುಂದೆ ಇಂಥ ಟಪಾಲು ವ್ಯವಸ್ಥೆ!

ಒಂದು ಮುಸ್ಸಂಜೆ ಕಾಲೇಜಿನ ಹುಡುಗಿಯೊಬ್ಬಳು ಓಡುತ್ತ ಬಂದಳು. ಅವಳ ಊರಿನ ಬಸ್ಸು ಹೋಗಿಬಿಟ್ಟಿತ್ತು. ಮುಂದಿನದು ತಡ. ಕತ್ತಲಾಗುತ್ತಿತ್ತು. ಬೆಂಚಿನ ತುದಿಗೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮನೆಗೆ ಫೋನು ಹಚ್ಚಿದಳು. ಮುರಿಗೆಪ್ಪ ಪಕ್ಕದ ಬೆಂಚು ಒರೆಸುತ್ತಿದ್ದ. ‘ಇಲ್ಲಬೇ ಅವ್ವಾ, ರೋಡಿನ ಮ್ಯಾಲೆ ನಿಂತಿಲ್ಲ. ಖಾನಾವಳ್ಯಾಗ ಕುಂತೇನಿ. ಇಲ್ಲಿ ಕುಡಿಯೋರು ಬರಂಗಿಲ್ಲ. ನೀ ಅಂಜಬ್ಯಾಡ.’

ಒರೆಸುತ್ತಿದ್ದ ಕೈ ನಿಂತಿತು. ಆ ಬೋರ್ಡು ಮೇಲೇರಿದ್ದರೆ ಈ ಮಗು ಎಲ್ಲಿ ಕೂಡುತ್ತಿತ್ತು? ಅವನ ಮಗಳೂ ನಾಳೆ ಇನ್ನೊಂದೂರಿನಲ್ಲಿ ಬಸ್ಸು ತಪ್ಪಿಸಿಕೊಂಡರೆ ಎಲ್ಲಿ ಕೂಡಬೇಕು? ಯಾರೋ ತಾಯಿ, ಇವನ ಮುಖವನ್ನೇ ನೋಡದವಳು, ಇವನ ಬೆಂಚನ್ನು ನಂಬಿ ಧೈರ್ಯವಾಗಿದ್ದಾಳೆ. ಮುರಿಗೆಪ್ಪ ಹುಡುಗಿಗೆ ಒಂದು ಲೋಟ ಮಜ್ಜಿಗೆ ತಂದಿಟ್ಟು, ‘ಕುಂದರವ್ವಾ, ಬಸ್ಸ ಬಂದ್ರ ನಾ ಹೇಳ್ತೇನಿ’ ಎಂದ. ಬಸ್ಸು ಹತ್ತಿಸಿ ಬಂದು ನೇರವಾಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

‘ಅಕ್ಕಾ, ಖರೇ ಹೇಳು. ಅವತ್ತ ಮೊಣಕಾಲಿಗೆ ಎದ್ದಿಯೋ, ಠರಾವಿಗೆ ಎದ್ದಿಯೋ?’

ನೀಲಗಂಗವ್ವ ರೊಟ್ಟಿ ತಿರುವಿ ಹಾಕಿದಳು. ‘ಎದ್ದದ್ದು ಮೊಣಕಾಲಿಗೋ ತಮ್ಮಾ. ಆಮ್ಯಾಲೆ ಕುಂದರಾಕ ಮನಸ್ಸ ಬರಲಿಲ್ಲ.’

‘ಕುಂದರಲಿಲ್ಲಲ್ಲ, ಪುಣ್ಯಾ ಕಟ್ಟಿಕೊಂಡಿ’ ಎಂದು ಮುರಿಗೆಪ್ಪ ಅವಳ ಕಾಲು ಮುಟ್ಟಿದ. ಅತ್ತುಬಿಟ್ಟ. ಮರುದಿನ ಅದೇ ಮನೆಗಳ ಬಾಗಿಲಿಗೆ ಮತ್ತೆ ಹೋದ. ಈ ಸಲ ಕೇಳುವುದಕ್ಕಲ್ಲ. ‘ಅವತ್ತ ನೀವು ಕುಂದರಲಿಲ್ಲ, ದೊಡ್ಡ ಉಪಕಾರ ಆತ್ರಿ’ ಎಂದು ಕೈ ಮುಗಿದ. ಜನಕ್ಕೆ ನಾಚಿಕೆಯಾಯಿತು. ಬೋರ್ಡೂ ಹಾಳಾಗಲಿಲ್ಲ. ಅಕ್ಷರ ಕಾಣದಂತೆ ಬಣ್ಣ ಹೊಡೆಸಿ, ಬಸ್ಸು ಕಾಯುವವರಿಗೆಂದು ಹೊರಗಿನ ಬೆಂಚಿನ ಮೇಲೆ ನೆರಳಾಗಿ ಕಟ್ಟಿದ. ಶ್ರೀಮಂತನಂತೂ ಆಗಲಿಲ್ಲ. ಆದರೆ ಒಲೆ ಆರಲಿಲ್ಲ.

ಕಥೆ ಮುಗಿಯಿತು. ಇನ್ನು ನಿಮ್ಮ ಪಾಳಿ. ಇದು ಬರೀ ಸೆರೆಯ ಮಾತು ಎಂದು ಜಾಣತನ ಮಾಡಬೇಡಿ. ಮನೆಯಲ್ಲಿ ಮಗಳ ಓದು ಬಿಡಿಸುವ ಮಾತು ಬಂದಾಗ, ಊರಿನಲ್ಲಿ ಒಬ್ಬನನ್ನು ಹೊರಗಿಡುವ ಮಾತು ಬಂದಾಗ, ಒಳಗೆ ಚುಚ್ಚುತ್ತಿದ್ದರೂ ‘ನಮ್ಮದೇನ್ ಅಭ್ಯಂತರ’ ಎಂದು ಜಮಖಾನೆಗೆ ಅಂಟಿಕೊಂಡು ಕೂಡುವವರು ಯಾರು? ನಾವೇ ತಾನೇ? ನಾಳೆಯಿಂದ ಆ ಮಾತು ನಾಲಗೆಗೆ ಬಂದಾಗ ಒಮ್ಮೆ ಒಳಗೆ ನೋಡಿಕೊಳ್ಳಿ. ಅಭ್ಯಂತರ ಇದ್ದರೆ ‘ಇದೆ’ ಎನ್ನಿ. ಎಂದ ಮೇಲೆ ಮನೆಗೆ ಹೋಗಿ ಮಲಗಬೇಡಿ. ಯಾರ ದಾರಿಗೆ ಅಡ್ಡ ನಿಂತಿರೋ ಅವನ ಬೆಂಚಿನ ಮೇಲೆ ಹೋಗಿ ಕೂತು ಒಂದು ರೊಟ್ಟಿ ಉಣ್ಣಿ. ಊಟಕ್ಕೆ ಢಾಬಾಕ್ಕೆ ಹೋಗಿ, ಪ್ರವಚನಕ್ಕೆ ಇಲ್ಲಿಗೆ ಬಂದರೆ ಏನು ಬಂತು?

ಮತ್ತೆ, ಇವತ್ತು ಮನೆಗೆ ಹೋದ ಮೇಲೆ ಒಬ್ಬರನ್ನು ನೆನೆಯಿರಿ. ನಿಮಗೆ ‘ಬೇಡ’ ಎಂದವರು, ನೀವು ಮಾತು ಬಿಟ್ಟವರು, ಆ ‘ಬೇಡ’ದಿಂದಲೇ ನೀವು ಉಳಿದುಕೊಂಡಿರಿ ಅನ್ನಿಸುವಂಥವರು. ಬದುಕಿದ್ದರೆ ಅವರ ಬಾಗಿಲಿಗೆ ಹೋಗಿ ಕೈ ಮುಗಿಯಿರಿ. ಇಲ್ಲವಾಗಿದ್ದರೆ ಅವರ ಹೆಸರು ಹೇಳಿ ದೀಪ ಹಚ್ಚಿ.

ಈಗ ಮಂಗಳಾರತಿ. ಎಲ್ಲರೂ ಏಳುತ್ತೀರಿ, ನನಗೆ ಗೊತ್ತು. ಪಕ್ಕದವರು ಎದ್ದರೆಂದು ಎದ್ದರೂ ಚಿಂತೆಯಿಲ್ಲ. ಎದ್ದ ಮೇಲೆ ಯಾಕೆ ನಿಂತಿದ್ದೀರಿ ಎಂದು ಒಳಗೆ ಕೇಳಿಕೊಳ್ಳಿ. ಏಳಿ.