ಪಾಸ್‌ಪೋರ್ಟ್ ಹೊಲಿದ ಬಗ್ಗೆ

ಗುರುವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ನಾನು ಹತ್ತಬೇಕಿದ್ದ ವಿಮಾನ 10.40ಕ್ಕೆ ಹೋಗಿದೆ.

ಹೆಸರು: ಪಾಸ್‌ಪೋರ್ಟಿನಲ್ಲಿ ಇರುವಂತೆ, ಓಣಿಯಲ್ಲಿ ರಟ್ಟಣ್ಣ ಎನ್ನುತ್ತಾರೆ. ವಯಸ್ಸು: 58. ಕೆಲಸ: ಪುಸ್ತಕಗಳ ಬೈಂಡಿಂಗ್. ವಾಸ: ಅಚ್ಚುಕೂಟದ ಹಿಂದಿನ ಓಣಿ, ಅಂಗಡಿಯ ಮೇಲಿನ ಕೋಣೆ.

ಠಾಣಾಧಿಕಾರಿಯವರಿಗೆ ಈ ಮೂಲಕ ತಿಳಿಸುವುದೇನೆಂದರೆ, ಹೊರದೇಶದಲ್ಲಿ ಮಗಳ ಮನೆಯಲ್ಲಿದ್ದ ನನ್ನ ಅಕ್ಕ ಸೋಮವಾರ ತೀರಿಕೊಂಡಳು. ಶುಕ್ರವಾರ ಬೆಳಿಗ್ಗೆ 11ಕ್ಕೆ ಅಲ್ಲಿ ಅಂತ್ಯಕ್ರಿಯೆ. ಏಳು ದಿನಗಳ ತುರ್ತು ವೀಸಾ ನಿನ್ನೆ ಬೆಳಿಗ್ಗೆ 10ಕ್ಕೆ ನನ್ನ ಕೈಸೇರಿತು. ಅಕ್ಕನ ಮಗಳು ಫೋನಿನಲ್ಲಿ ನಿಯಮಗಳನ್ನು ಬರೆಸಿದಳು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು, ವಾಪಸು ಟಿಕೆಟ್ ಬೇಕು, ಉಳಿಯುವ ಮನೆಯ ವಿಳಾಸ ಬೇಕು. ವೀಸಾ ಎಂದರೆ ಬಾಗಿಲು ತಟ್ಟಲು ಅಪ್ಪಣೆ ಮಾತ್ರ, ತೆಗೆಯುವುದು ಬಿಡುವುದು ಅಲ್ಲಿನ ಅಧಿಕಾರಿಯ ಇಷ್ಟ ಎಂದಳು. ಹಾಳೆ ಸಡಿಲವಾಗಿದ್ದರೂ ತಿರುಗಿ ಕಳಿಸುತ್ತಾರೆಂದಳು.

ತೆರೆದು ನೋಡಿದರೆ ನಡುವಿನ ಹಾಳೆಯ ಹೊಲಿಗೆ ಬಿಟ್ಟಿತ್ತು. ಮಧ್ಯಾಹ್ನ 2ರಿಂದ 2.40ರವರೆಗೆ ಕೂತು, ಹಳೆಯ ದಾರ ತೆಗೆದು, ಮೇಣ ಹಚ್ಚಿದ ದಾರದಿಂದ ಹೊಲಿದೆ. ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿದೆ. ಆ ದಿನ ಬೇರೆ ಕೆಲಸಕ್ಕೆ ಕೈ ಬರಲಿಲ್ಲ.

ಇಂದು 8.10ಕ್ಕೆ ಪಾಸ್‌ಪೋರ್ಟ್ ತಪಾಸಣೆಯ ಮೇಡಂ ನಡುವಿನ ಮಡಿಕೆಯನ್ನು ಬೆರಳಿನಿಂದ ಸವರಿ, "ಈ ಹೊಲಿಗೆ ಯಾರದು?" ಎಂದರು.

"ನಂದೇ ಮೇಡಂ," ಎಂದೆ. ಚೆನ್ನಾಗಿದೆ ಎನ್ನುತ್ತಾರೆಂದುಕೊಂಡಿದ್ದೆ. ನೂರು ವರ್ಷ ಬಾಳುತ್ತದೆಂದೂ ಸೇರಿಸಿದೆ. ಪಾಸ್‌ಪೋರ್ಟಿನ ಆಯಸ್ಸೇ ಹತ್ತು ವರ್ಷವೆಂದು ಅವರು ಹೇಳಿದರು.

ಇಪ್ಪತ್ತು ಅಡಿ ದೂರದ ಕೋಣೆಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಲೈಟು ಆರಿಸಿ, ನೇರಳೆ ಬೆಳಕಿನ ಸಣ್ಣ ದೀಪ ಹಚ್ಚಿದರು. ಮೊದಲು ತಮ್ಮದೇ ಪಾಸ್‌ಪೋರ್ಟ್ ತೆರೆದರು. ಖಾಲಿ ಹಾಳೆಯಿಂದ ಹಕ್ಕಿಗಳು ಎದ್ದವು. ನದಿ ಕಂಡಿತು. ನಡುವಿನ ದಾರ ಕೆಂಪು, ಹಸಿರು, ನೀಲಿಯಾಗಿ ಉರಿಯಿತು, ಒಂದೇ ಎಳೆಯಲ್ಲಿ. ನಲವತ್ತೊಂದು ವರ್ಷ ದಾರ ಹಿಡಿದಿದ್ದೇನೆ, ಇಂಥದ್ದು ಕಂಡಿಲ್ಲ. ಹೊಲಿದವರು ಯಾರೋ ಗೊತ್ತಿಲ್ಲ, ಕೂತಿದ್ದವನು ಎದ್ದು ನಿಂತೆ. ಬಳಿಕ ನನ್ನದನ್ನು ತೆರೆದರು. ಹಕ್ಕಿಗಳಿದ್ದವು. ನಡುವೆ ಕಪ್ಪು ಗೆರೆ.

ನಿಮ್ಮದನ್ನು ಇನ್ನೊಮ್ಮೆ ತೋರಿಸಿ ಎಂದು ಕೇಳಿಕೊಂಡೆ. ತೋರಿಸಿದರು. ಹೊಲಿಗೆ ಬಿಚ್ಚಿದ್ದರೆ ಹಾಳೆ ಬದಲಾಯಿಸಿದ ಅನುಮಾನ ಬರುತ್ತದೆ, ಇದೂ ಇದರಲ್ಲಿರುವ ವೀಸಾವೂ ಇನ್ನು ನಡೆಯುವುದಿಲ್ಲ, ಹೊಸದಕ್ಕೆ ಕಡಿಮೆಯೆಂದರೂ ಐದು ದಿನ ಎಂದು ಮೆಲ್ಲಗೆ ತಿಳಿಸಿದರು.

9.05ಕ್ಕೆ ಅಕ್ಕನ ಮಗಳಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. "ಅಲ್ಲ ಮಾವ, ಹರಿದದ್ದು ಕಂಡ್ರೆ ಹೊಲೀದೆ ಇರೋಕೆ ಆಗಲ್ವಾ ನಿನಗೆ? ಅಮ್ಮ ಇದ್ದಿದ್ರೆ ನಕ್ಕುಬಿಡ್ತಿದ್ಲು," ಎಂದಳು.

ತೆಗೆದ ಹಳೆಯ ದಾರ ಎಲ್ಲಿ ಎಂದು ತಾವು ಕೇಳಿದ್ದಕ್ಕೆ: ನಿನ್ನೆ ಸಂಜೆ ಕಸದೊಂದಿಗೆ ಗುಡಿಸಿದೆ. ಅದು ಬೆಳಗುವ ದಾರವೆಂದು ನನಗೆ ಗೊತ್ತಿರಲಿಲ್ಲ.

ಹಾಳೆ ಒಂದನ್ನೂ ಬದಲಿಸಿಲ್ಲ, ದಾರವನ್ನು ಬದಲಿಸಿದ್ದೇನೆ. ಬರೆದದ್ದನ್ನು ಓದಿ ಹೇಳಿದ್ದಾರೆ, ನಡೆದದ್ದು ಹೀಗೆಯೇ.

ಸ್ಥಳ: ವಿಮಾನ ನಿಲ್ದಾಣದ ಠಾಣೆ
ದಿನ: ಗುರುವಾರ
(ಸಹಿ)

ಸಹಿಯ ಕೆಳಗೆ ಸೇರಿಸಿದ್ದು: ವಿಚಾರಣೆಗೆ ಕರೆದಾಗ ಬರುತ್ತೇನೆ. ನಾಳೆ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮಾತ್ರ ಕರೆಯಬಾರದೆಂದು ಕೋರಿಕೆ. ಅಲ್ಲಿ ಆಗ ಬೆಳಿಗ್ಗೆ ಹನ್ನೊಂದು. ಅಕ್ಕನ ಮಗಳು ಫೋನಿನಲ್ಲಿ ತೋರಿಸುತ್ತಾಳೆ.