ಗಿಡಿಪಾದೆಯ ನೀಲಿ ಶೆಡ್ಡು

ಅಯ್ಯೋ, ಅದನ್ನು ನೋಡಬೇಡಿ ಮಾಷ್ಟ್ರೇ! ಅದು ನೋಡುವಂಥದ್ದಲ್ಲ. ನನ್ನ ಹೆಂಡತಿ ಶ್ರೀಮತಿಯ ತಮ್ಮ ಗೃಹಪ್ರವೇಶಕ್ಕೆ ಕೊಟ್ಟದ್ದು. ಜಲಪಾತದ ಚಿತ್ರವಂತೆ. ಹಿಂದೆ ಲೈಟು ಉಂಟು, ಸ್ವಿಚ್ ಹಾಕಿದರೆ ನೀರು ಹರಿದ ಹಾಗೆ ಕಾಣ್ತದೆ. ಹಕ್ಕಿ ಬೇರೆ ಕೂಗ್ತದೆ... ಎಂತ ನಗ್ತೀರಿ? ಸತ್ಯ, ಕೂಗ್ತದೆ! ಥೂ, ಅದನ್ನು ಕಂಡರೆ ನನಗೆ ವಾಂತಿ ಬಂದ ಹಾಗೆ ಆಗ್ತದೆ. ಆದರೆ ಹೆಂಡತಿಯ ತಮ್ಮ ಕೊಟ್ಟದ್ದನ್ನು ಇಳಿಸ್ಲಿಕ್ಕೆ ಆಗ್ತದಾ? ನಿಮಗೂ ಮದುವೆ ಆಗಿದೆ, ಗೊತ್ತಿರ್ಬೇಕು.

ಬನ್ನಿ, ಈಚೆ ಬನ್ನಿ ರೋನಿ ಮಾಷ್ಟ್ರೇ. ಚೀಲ ಕೆಳಗಿಡಿ. ಬಣ್ಣ, ಬ್ರಷ್ ಎಲ್ಲ ತಂದಿದ್ದೀರಲ್ಲ? ಸಂತೋಷ. ಶಾಲೆಗೆ ರಜೆ ಹಾಕಿ ಕಾಪಿನಿಂದ ಇಲ್ಲಿ ಅಲೆವೂರಿನವರೆಗೆ ಬಂದಿದ್ದೀರಿ, ದೊಡ್ಡ ಉಪಕಾರ ಮಾರಾಯ್ರೇ. ಬೇರೆ ಯಾರನ್ನೂ ಕರೀಲಿಕ್ಕೆ ಮನಸ್ಸು ಬರಲಿಲ್ಲ. ಚಿತ್ರ ಬರೆದ ಕೈಯೇ ಮುಟ್ಟಬೇಕು ಅಂತ ನನ್ನದು.

ಈ ಎಮ್ಮೆಗಳ ಚಿತ್ರ ನೀವು ನೋಡಿರಲಿಲ್ಲ ಅಲ್ವಾ? ನಿಂತು ನೋಡಿ. ಕೆಸರು ನೋಡಿ, ಕೆಸರು! ಮೂಸಿದರೆ ವಾಸನೆ ಬರ್ಬೇಕು, ಹಾಗೆ ಉಂಟು. ಮೊನ್ನೆ ಒಬ್ಬರು ಬಂದಿದ್ದರು, ದೊಡ್ಡ ಮನುಷ್ಯರು, ಇದರ ಎದುರು ನಿಂತು ಎಂತ ಹೇಳಿದ್ದು ಗೊತ್ತುಂಟಾ? "ಪದ್ಮನಾಭಣ್ಣ, ಸೋಫಾಕ್ಕೆ ಒಳ್ಳೆ ಮ್ಯಾಚ್ ಆಗ್ತದೆ." ಸೋಫಾಕ್ಕೆ! ಆ ಮನುಷ್ಯನಿಗೆ ಕಾಫಿ ಕೊಡ್ಲಿಕ್ಕೂ ನನಗೆ ಅಸಹ್ಯ ಆಯ್ತು. ಕಣ್ಣು ಉಂಟು, ನೋಡುವುದು ಗೊತ್ತಿಲ್ಲ. ಹೆಚ್ಚಿನವರು ಹಾಗೇ. ಚಿತ್ರದ ಎದುರು ನಿಂತು ಫೋನ್ ನೋಡ್ತಾರೆ. ಛೀ!

ಒಟ್ಟು ಮೂವತ್ತೇಳು ಉಂಟು ಮನೆಯಲ್ಲಿ. ಗುಡ್ಡ, ಹೊಳೆ, ಗದ್ದೆ, ಎಮ್ಮೆ, ನಾಯಿ, ಕೊಕ್ಕರೆ... ಮನುಷ್ಯರದ್ದು ಒಂದೂ ಇಲ್ಲ. ಬೇಡ. ಮನುಷ್ಯರನ್ನು ಕಾರ್ಕಳದಲ್ಲಿ ನನ್ನ ಕಲ್ಲು ಒಡೆಯುವ ಕೋರೆಯಲ್ಲಿ ಬೆಳಗಿನಿಂದ ಸಂಜೆವರೆಗೆ ನೋಡ್ತೇನೆ. ಬೀಡಿ, ಬೆವರು, ಜಗಳ, ಸುಳ್ಳು. ಮನೆಗೆ ಬಂದ ಮೇಲೂ ಗೋಡೆಯಲ್ಲಿ ಅವರೇ ಯಾಕೆ?

ಇಗೋ. ನಿಮ್ಮದು ಇಲ್ಲಿ.

ಗಿಡಿಪಾದೆ. ಆಹಾ... ಈಗ ಆ ಗುಡ್ಡದ ಅರ್ಧ ಇಲ್ಲ ಮಾಷ್ಟ್ರೇ. ಹೌದು, ನಾನೇ ಒಡೆದದ್ದು, ನಾನು ಎಂತ ಇಲ್ಲ ಹೇಳ್ತೇನಾ? ಅದಕ್ಕೇ ಅಲ್ವಾ ನಿಮ್ಮನ್ನು ಕರೆಸಿ ಬರೆಸಿದ್ದು. ಹೋಗುವ ಮೊದಲು ಒಂದು ನೆನಪು ಇರ್ಲಿ ಅಂತ. ನಾಲ್ಕು ದಿನ ಹಲಸಿನ ಮರದ ಬುಡದಲ್ಲಿ ಕೂತು ಬರೆದಿರಿ. ಬಂಡೆಯ ಮೇಲೆ ಬೆಳಗಿನ ಬಿಸಿಲು ಬೀಳುವುದು, ಮೇಲೆ ಗಿಡುಗ ಸುತ್ತುವುದು... ಎಲ್ಲ ಸರಿ. ಎಲ್ಲ ಚಂದ. ಆದರೆ ಈ ಮೂಲೆ! ಇದು. ಈ ನೀಲಿ.

ತರ್ಪಾಲಿನ ಶೆಡ್ಡು! ಎಷ್ಟು ಹೇಸಿಗೆ ಅಲ್ವಾ? ಹಸಿರು, ಕಲ್ಲು, ಆಕಾಶ, ಅದರ ನಡುವೆ ಪ್ಲಾಸ್ಟಿಕ್ಕಿನ ನೀಲಿ. ಹಗ್ಗ ಕಟ್ಟಿದ್ದು, ಹಗ್ಗದಲ್ಲಿ ಸೀರೆ ಒಣಗ್ಲಿಕ್ಕೆ ಹಾಕಿದ್ದು, ಮಡಕೆ, ಪಾತ್ರೆ... ಥೂ ಥೂ. ಒಂದು ವರ್ಷದಿಂದ ನೋಡ್ತಾ ಇದ್ದೇನೆ, ಊಟ ಮಾಡುವಾಗ ಕಣ್ಣು ಅಲ್ಲಿಗೇ ಹೋಗ್ತದೆ. ಅನ್ನ ಇಳಿಯುವುದಿಲ್ಲ.

ಅದನ್ನು ಮುಚ್ಚಿಬಿಡಿ. ಅಷ್ಟೇ ಕೆಲಸ. ಎರಡು ಪೊದರು, ಸ್ವಲ್ಪ ಹುಲ್ಲು. ನಿಮ್ಮ ಕೈಗೆ ಅರ್ಧ ಗಂಟೆಯದ್ದು.

ಹೌದು, ನಾನೇ ಹೇಳಿದ್ದು. "ಕಂಡದ್ದನ್ನು ಕಂಡ ಹಾಗೆ ಬರೀರಿ" ಅಂತ ಹೇಳಿದ್ದೇನೆ, ಒಪ್ಪಿದೆ. ಆದರೆ ಗುಡ್ಡ ಕಂಡ ಹಾಗೆ ಬರೀರಿ ಅಂತ ಅರ್ಥ. ಕಸ ಕಂಡ ಹಾಗೆ ಅಂತ ಅಲ್ಲ!

ಅವಸರ ಎಂತದು ಅಂದರೆ... ಭಾನುವಾರ ವಿಡಿಯೋದವರು ಬರ್ತಾರೆ. ಮನೆಯಲ್ಲಿ ಚಿತ್ರ ಸಂಗ್ರಹ ಮಾಡಿದವರ ಬಗ್ಗೆ ಎಂತದೋ ಮಾಡ್ತಾರಂತೆ, ಆಮೇಲೆ ಇಂಟರ್ನೆಟ್ಟಿಗೆ ಹಾಕ್ತಾರೆ. ಶ್ರೀಮತಿ ಒಪ್ಪಿಬಿಟ್ಟಿದ್ದಾಳೆ, ನೆಂಟರಿಗೆಲ್ಲ ಫೋನ್ ಮಾಡಿ ಆಯ್ತು. ಊರಿನವರೆಲ್ಲ ನೋಡುವಾಗ ಈ ಹೊಲಸು ಕಾಣ್ಬೇಕಾ?

ಇಳಿಸಿ ಒಳಗಿಡ್ಲಿಕ್ಕೆ ಆಗ್ತಿತ್ತು. ಯೋಚನೆ ಮಾಡಿದ್ದೇನೆ. ಆದರೆ ಶ್ರೀಮತಿಗೆ ಇದೇ ಎಲ್ಲಕ್ಕಿಂತ ಇಷ್ಟ. ಇಳಿಸಿದರೆ ಯಾಕೆ ಅಂತ ಕೇಳ್ತಾಳೆ. ಅವಳು ಒಮ್ಮೆ ಕೇಳ್ಲಿಕ್ಕೆ ಶುರು ಮಾಡಿದರೆ... ಬೇಡ. ಬಣ್ಣ ಕಲಸಿ ನೀವು.

ಅದೇ. ಆ ಹಸಿರು ಸರಿ ಉಂಟು. ಇನ್ನು ಸ್ವಲ್ಪ ಕಂದು ಸೇರಿಸಿ, ಮಾರ್ಚ್ ತಿಂಗಳ ಹುಲ್ಲು ಅಷ್ಟು ಹಸಿರು ಇರುವುದಿಲ್ಲ.

ಎಂತ? ಜನವರಿಯಾ? ಹಾಂ, ಹೌದು, ನೀವು ಬರೆದದ್ದು ಹೋದ ವರ್ಷ ಜನವರಿ. ಮಾರ್ಚ್ ಅಂತ ಹೇಗೆ ಬಾಯಿಗೆ ಬಂತೋ. ಮತ್ತೆ... ಇನ್ನೊಂದು. ಕೆಳಗೆ ನಿಮ್ಮ ಸಹಿ ಉಂಟಲ್ಲ, ಅದು ಇರ್ಲಿ, ಸಹಿ ಬೇಕು. ಪಕ್ಕದಲ್ಲಿ ತಾರೀಕು ಹಾಕಿದ್ದೀರಿ. ಹದಿನೆಂಟು ಜನವರಿ, ವರ್ಷವೂ ಉಂಟು. ಅದನ್ನೊಂದು ಒರೆಸಿಬಿಡಿ.

ಯಾಕೆ ಅಂದರೆ... ಸುಮ್ಮನೆ. ಚಂದಕ್ಕೆ.

ಬ್ರಷ್ ಯಾಕೆ ಕೆಳಗಿಟ್ಟಿರಿ?

ಮಾಷ್ಟ್ರೇ, ಹಾಗೆ ನೋಡಬೇಡಿ ನನ್ನನ್ನು. ಸರಿ, ಹೇಳ್ತೇನೆ. ಮುಚ್ಚಿಡುವಂಥದ್ದು ಎಂತ ಇಲ್ಲ, ಪೇಪರಿನಲ್ಲೇ ಬಂದಿದೆ. ಹೋದ ವರ್ಷ ಮಾರ್ಚಿನಲ್ಲಿ ಕೋರೆಯಲ್ಲಿ ಒಂದು ಅವಘಡ ಆಯ್ತು, ಓದಿರ್ತೀರಿ. ಮದ್ದು ಸಿಡಿಸಿದಾಗ ಕಲ್ಲು ಹಾರಿ ಕೆಳಗೆ ಒಬ್ಬಳು ಹೆಂಗಸು ಸತ್ತದ್ದು. ಸೌದೆ ಆಯ್ಲಿಕ್ಕೆ ಬಂದವಳು. ಹೊರಗಿನವಳು. ಹಾಗೆಂದೇ ಪೇಪರಿನಲ್ಲಿ ಬಂತು, ಹಾಗೆಂದೇ ನಾನು ಪೊಲೀಸರಿಗೆ ಬರೆದು ಸಹಿ ಹಾಕಿ ಕೊಟ್ಟದ್ದು. ಈಗ ಅವಳ ಗಂಡ ಕೋರ್ಟಿಗೆ ಹೋಗಿದ್ದಾನೆ. ಅವರು ಅಲ್ಲೇ ವಾಸ ಇದ್ದದ್ದಂತೆ, ಶೆಡ್ಡು ಇತ್ತಂತೆ, ನಾನೇ ಹಾಕಿಸಿ ಕೊಟ್ಟದ್ದಂತೆ. ಎಂಥ ಜನ ನೋಡಿ! ಗುಡ್ಡದ ಕೆಳಗೆ ಯಾರಾದರೂ ಮನೆ ಕಟ್ಟಿಸಿ ಕೊಡ್ತಾರಾ? ಮುಂದಿನ ತಿಂಗಳು ವಿಚಾರಣೆ ಉಂಟು. ಅದಕ್ಕೇ... ಸುಮ್ಮನೆ ತಪ್ಪು ತಿಳ್ಕೊಳ್ಳುವುದು ಬೇಡ ಅಂತ.

ಹೆಸರಾ? ಹೆಸರು ಯಾಕೆ ನಿಮಗೆ?

ಶರಣಬಸಪ್ಪ. ಗಂಡನ ಹೆಸರು ಅದು. ಕೊಪ್ಪಳದ ಕಡೆಯವರು.

ಮಾಷ್ಟ್ರೇ... ಕೂತ್ಕೊಳ್ಳಿ. ಮುಖ ಯಾಕೆ ಹಾಗೆ ಆಯ್ತು? ನೀರು ಬೇಕಾ?

ಓ. ನಿಮಗೆ ಗೊತ್ತಿರಲಿಲ್ಲ. ಪೇಪರಿನಲ್ಲಿ ಹೆಸರು ಹಾಕಿರಲಿಲ್ಲ ಅಲ್ವಾ... ಹೌದು. ಅವನ ಹೆಂಡತಿ ದ್ರಾಕ್ಷಾಯಿಣಿ. ಅವಳೇ. ನೀವು ಬರೆಯುವಾಗ ನಾಲ್ಕು ದಿನವೂ ಮಧ್ಯಾಹ್ನ ನಿಮಗೆ ರೊಟ್ಟಿ ಕೊಟ್ಟವಳು. "ಸರ, ಬಿಸ್ಲಾಗ ಕುಂತೀರಿ, ಉಪಾಸ ಇರಬ್ಯಾಡ್ರಿ" ಅಂತ ಹೇಳಿದಳು ಅಂತ ನೀವೇ ನನಗೆ ಹೇಳಿದ್ದಿರಿ. ಖಾರ ಚಟ್ನಿ ತಿಂದು ನಿಮ್ಮ ಕಣ್ಣಲ್ಲಿ ನೀರು ಬಂದದ್ದು, ಅವಳು ನಕ್ಕದ್ದು.

ನನಗೆ ಗೊತ್ತು, ನಿಮಗೆ ಬೇಸರ ಆಗ್ತದೆ. ನನಗೆ ಆಗ್ಲಿಲ್ಲವಾ? ಮೂರು ದಿನ ನಾನು ಸರಿ ಊಟ ಮಾಡ್ಲಿಲ್ಲ. ಆದರೆ ತಪ್ಪು ನನ್ನದಲ್ಲ ಮಾಷ್ಟ್ರೇ. ಕೋರೆಯಲ್ಲಿ ಮದ್ದು ಸಿಡಿಸುವವನು ಜೋನ್, ಅದು ಅವನ ಕೆಲಸ. ಕೆಂಪು ಬಾವುಟ ಕಟ್ಟಬೇಕು, ಸೀಟಿ ಊದಬೇಕು, ಕೆಳಗೆ ಒಂದು ಸುತ್ತು ಬಂದು ಯಾರೂ ಇಲ್ಲ ಅಂತ ನೋಡಬೇಕು. ಅವನು ಸುತ್ತು ಬರಲಿಲ್ಲ. ಅವನ ಲೈಸೆನ್ಸ್ ಹೋಯ್ತು, ಹೋಗ್ಬೇಕಾದದ್ದೇ. ನಾನು ಆ ದಿನ ಅಲ್ಲಿ ಇರಲೇ ಇಲ್ಲ. ಬೆಳಗಿನಿಂದ ಮಣಿಪಾಲದಲ್ಲಿ ಇದ್ದೆ, ಚಿತ್ರ ಪ್ರದರ್ಶನದಲ್ಲಿ. ನೀವೂ ಬಂದಿದ್ದಿರಿ, ನೋಡಿದ್ದೀರಿ ನನ್ನನ್ನು.

ಎಂತ ನೋಡ್ತೀರಿ ಆಚೆ? ಆನೆಗಳನ್ನಾ? ಹೌದು, ಅದೇ. ಆ ದಿನ ಪ್ರದರ್ಶನದಲ್ಲಿ ತಕ್ಕೊಂಡದ್ದು. ಎರಡು ಆನೆ ಹೊಳೆ ದಾಟುವುದು. ತುಂಬ ಜನ ಅದರ ಮೇಲೆ ಕಣ್ಣು ಹಾಕಿದ್ದರು. ಐದಕ್ಕೆ ಬಾಗಿಲು ತೆರೀತದೆ ಅಂತ ಹೇಳಿದ್ದರು, ಮೊದಲು ಬಂದವರಿಗೆ...

ಐದಕ್ಕೆ. ಸಂಜೆ ಐದಕ್ಕೆ ತೆರೆದದ್ದು, ಹೌದು.

ಅಲ್ಲ, ಬೆಳಿಗ್ಗೆಯಿಂದ ಅಂದರೆ ಪ್ರದರ್ಶನದಲ್ಲಿ ಅಂತ ಅಲ್ಲ, ಮಣಿಪಾಲದಲ್ಲಿ ಬೇರೆ ಕೆಲಸ...

ಏನಾದರೂ ಮಾತಾಡಿ ಮಾರಾಯ್ರೇ! ಬೈಯಿರಿ ಬೇಕಾದರೆ!

ನೀವೇ ಅಲ್ವಾ ಅಲ್ಲಿ ನನ್ನ ಹೆಗಲಿನ ಧೂಳು ಕೊಡವಿದ್ದು. "ಪದ್ಮನಾಭಣ್ಣ, ಕೋರೆಯಿಂದ ಸೀದಾ ಬಂದಿರಾ" ಅಂತ ಕೇಳಿದಿರಿ. ನಾನು ನಕ್ಕೆ. ತಲೆಯಲ್ಲೂ ಧೂಳು ಇತ್ತು. ನಿಮಗೆ ಎಲ್ಲ ನೆನಪುಂಟು. ನನಗೆ ಗೊತ್ತು ನಿಮಗೆ ನೆನಪುಂಟು.

ಜೋನ್ ಕೆಳಗೆ ಹೊರಟಿದ್ದ ಮಾಷ್ಟ್ರೇ. ಸೀಟಿ ಕೈಯಲ್ಲಿ ಹಿಡಿದು ಇಳೀಲಿಕ್ಕೆ ಹೊರಟಿದ್ದ. ಪೂರ್ತಿ ಸುತ್ತಿ ಬರ್ಲಿಕ್ಕೆ ಅರ್ಧ ಗಂಟೆ ಬೇಕು. ನಾನು ಗಡಿಯಾರ ನೋಡಿದೆ. ನಾಲ್ಕು ಗಂಟೆ ದಾಟಿತ್ತು. ಕಾರ್ಕಳದಿಂದ ಹಿರಿಯಡ್ಕ ದಾಟಿ ಮಣಿಪಾಲಕ್ಕೆ ಮುಟ್ಟುವಾಗ... "ಎಲ್ಲರೂ ಮೇಲೆ ಬಂದಿದ್ದಾರೆ, ಸುತ್ತುವುದು ಬೇಡ, ಮದ್ದಿಗೆ ಬೆಂಕಿ ಕೊಡು" ಅಂತ ಹೇಳಿದೆ. ನಾನೇ ಹೇಳಿದೆ. ಅವನು ಒಮ್ಮೆ ನನ್ನ ಮುಖ ನೋಡಿದ. ಧಣಿ ಹೇಳಿದ ಮೇಲೆ ಅವನು ಎಂತ ಮಾಡ್ತಾನೆ?

ಕೋರೆಯಲ್ಲಿ ಕೆಲಸ ಮಾಡುವ ಗಂಡಸರೆಲ್ಲ ಮೇಲೆ ಬಂದಿದ್ದರು, ಶರಣಬಸಪ್ಪನೂ ಬಂದಿದ್ದ, ಅದು ಸುಳ್ಳಲ್ಲ. ಅವಳು ಬಂದಿರಲಿಲ್ಲ. ಗೊತ್ತಿತ್ತು. ಮೇಲಿನಿಂದ ನೋಡಿದರೆ ತರ್ಪಾಲಿನ ಸಂದಿನಿಂದ ಹೊಗೆ ಬರ್ತಾ ಇತ್ತು. ಒಲೆ ಹೊತ್ತಿಸಿದ್ದಳು. ನಾನು ಹೊಗೆ ನೋಡಿದೆ. ನೋಡಿ... ಅಷ್ಟು ದೂರ ಕಲ್ಲು ಹಾರಲಿಕ್ಕಿಲ್ಲ ಅಂತ ಅಂದ್ಕೊಂಡೆ. ಅಂದ್ಕೊಳ್ಳಲಿಕ್ಕೆ ಎಷ್ಟು ಹೊತ್ತು ಬೇಕು?

ಸದ್ದು ಆಯ್ತು. ಶರಣಬಸಪ್ಪ ಓಡಿದ. ಕೆಳಗೆ ಓಡಿದ. ಅವನು ಕೂಗುವುದು ಕೇಳಿತು. ನಾನು... ಕಾರಿನಲ್ಲಿ ಕೂತೆ. ಹೌದು. ಏನೋ ಸಣ್ಣಪುಟ್ಟ ಪೆಟ್ಟು ಇರ್ಬೇಕು, ಅವರು ನೋಡ್ಕೊಳ್ತಾರೆ ಅಂತ ಕಾರು ಬಿಟ್ಟೆ. ಐದೂಕಾಲಕ್ಕೆ ಅಲ್ಲಿ ನಿಂತು ಆನೆಯ ಕಣ್ಣು ಎಷ್ಟು ಚಂದ ಬಂದಿದೆ ಅಂತ ನಿಮ್ಮ ಹತ್ತಿರ ಮಾತಾಡ್ತಾ ಇದ್ದೆ. ಫೋನ್ ಬಂತು. ತೆಗೀಲಿಲ್ಲ. ಮೊದಲು ಆ ಚಿತ್ರ ನನಗೆ ಅಂತ ಹೆಸರು ಬರೆಸಿದೆ, ಆಮೇಲೆ ತೆಗೆದೆ.

ಥೂ. ನನ್ನ ಬಾಯಿಂದ ಕೇಳುವಾಗ ನನಗೇ ಹೇಸಿಗೆ ಆಗ್ತದೆ. ಉಗೀರಿ ಮಾಷ್ಟ್ರೇ. ನೀವು ಒಳ್ಳೆಯವರು, ಉಗಿಯುವುದೂ ಇಲ್ಲ.

ಎಂತ ಮಾಡ್ತೀರಿ? ಬ್ರಷ್ಷಿನ ಬಣ್ಣ ಯಾಕೆ ಒರೆಸ್ತೀರಿ?... ಮುಚ್ಚುವುದಿಲ್ಲವಾ? ಅದನ್ನು ಯಾಕೆ ಗೋಡೆಯಿಂದ ಇಳಿಸ್ತೀರಿ, ಅದು ನನ್ನ... ಮಾಷ್ಟ್ರೇ! ಯಾರಿಗೆ ಕೊಡ್ಲಿಕ್ಕೆ? ಶರಣಬಸಪ್ಪನಿಗಾ, ಕೋರ್ಟಿನಲ್ಲಿ ತೋರಿಸ್ಲಿಕ್ಕೆ?

ಕೊಟ್ಟರೆ ನನ್ನ ಗತಿ ಎಂತ ಅಂತ ಯೋಚನೆ ಮಾಡಿದ್ದೀರಾ? ಶ್ರೀಮತಿಗೆ ನಾನು ಎಂತ ಹೇಳುವುದು? ಅವಳು ಒಳಗೆ ನಿಮಗೆ ಅಂತ ನೀರುದೋಸೆ ಹೊಯ್ತಾ ಇದ್ದಾಳೆ... ಒಂದು ಮಾತು ಹೇಳಿ ಹೋಗಿ. ಒಂದೇ ಒಂದು.

ಇಲ್ಲ. ಬಾಗಿಲ ಕಡೆ ಹೊರಟೇ ಬಿಟ್ಟಿರಿ ನೀವು.

...ನಿಲ್ಲಿ. ಅಡ್ಡ ಬರುವುದಿಲ್ಲ, ಹೆದರಬೇಡಿ. ತೇಗದ ಚೌಕಟ್ಟು ಅದು, ಒಬ್ಬರಿಂದ ಆಗ್ಲಿಕ್ಕಿಲ್ಲ. ಆ ತುದಿ ನೀವು ಹಿಡೀರಿ, ಈ ತುದಿ ನಾನು ಹಿಡೀತೇನೆ. ಅವನು ಈಗ ಹಿರಿಯಡ್ಕದಲ್ಲಿ ಇದ್ದಾನೆ, ಬಸ್ ಸ್ಟ್ಯಾಂಡಿನ ಹಿಂದೆ ಹೊಸ ಕಟ್ಟಡ ಆಗ್ತಾ ಉಂಟು, ಅಲ್ಲಿ ಕೇಳಿ. ಕೊಪ್ಪಳದ ಶರಣಬಸಪ್ಪ ಅಂದರೆ ಹೇಳ್ತಾರೆ. ನಾನೂ... ಇಲ್ಲ, ನಾನು ಗೇಟಿನವರೆಗೆ.

ಮೆಲ್ಲ ಮಾಷ್ಟ್ರೇ. ಮೂರು ಮೆಟ್ಟಿಲು ಉಂಟು.